ಹೊಂಡದ ದಂಡೆಯ ತರಗತಿ

ಮಕ್ಕಳು ತಲೆ ತಗ್ಗಿಸಿ ಬರೆಯುತ್ತ ಕೂತರೆ ನನಗೆ ಈಗಲೂ ತಡೆದುಕೊಳ್ಳಲು ಆಗುವುದಿಲ್ಲ. ಗಣಿತ ಕಲಿಸುವವಳು ಹೇಳಿಕೊಳ್ಳುವ ಮಾತಲ್ಲ ಇದು. ಹಲಗೆಯ ಮೇಲೆ ಲೆಕ್ಕ ಬರೆದು ಈ ಕಡೆ ತಿರುಗುತ್ತೇನೆ, ಇಡೀ ತರಗತಿ ಬಗ್ಗಿ ಬರೆಯುತ್ತಿರುತ್ತದೆ, ಪೆನ್ನುಗಳ ಸರಸರ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಉಳಿದ ಶಿಕ್ಷಕರಿಗೆ ದಿನದಲ್ಲೇ ನೆಮ್ಮದಿಯ ಗಳಿಗೆ ಇದು. ನಾನು ಮಾತ್ರ ಡಸ್ಟರಿನಿಂದ ಮೇಜು ಕುಟ್ಟುತ್ತೇನೆ.

“ತಲಿ ಎತ್ರಿ. ಎಲ್ಲಾರೂ ಒಮ್ಮೆ ತಲಿ ಎತ್ರಿ.”

ಎತ್ತುತ್ತಾರೆ. ನಾನು ಅವರ ಮುಖಗಳನ್ನು ನೋಡುತ್ತೇನೆ, ಆಮೇಲೆ ಅವರ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತೇನೆ. ಗೋಡೆ ಗೋಡೆಯಾಗಿಯೇ ಇರುತ್ತದೆ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮೇಡಂ, ನಿಮ್ಮ ಕ್ಲಾಸಿನಾಗ ಗಣಿತಕ್ಕಿಂತ ಕುತಿಗಿ ವ್ಯಾಯಾಮ ಜಾಸ್ತಿ ಆಗಾಕತ್ತದರಿ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕರೋನಾ ವರ್ಷದಲ್ಲಿ ಈ ಹುಡುಗಿ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅವಳಿಗೆ ಏನು ಗೊತ್ತು.

ನಮ್ಮ ಶಾಲೆ ಇರುವುದು ಕಮಲಾಪುರದಲ್ಲಿ, ಮನೆ ಕಲಬುರಗಿಯ ಐವಾನ್-ಎ-ಶಾಹಿ ಕಡೆ. ಕರೋನಾಕ್ಕೆ ಮೊದಲು ದಿನಾಲೂ ಬಸ್ಸಿನಲ್ಲಿ ನಿಂತೋ ಕೂತೋ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಮೂವರು: ನಾನು, ನನ್ನ ಗಂಡ, ಅವರ ತಾಯಿ. ಅದಕ್ಕೂ ಕೆಲವು ವರ್ಷ ಹಿಂದೆ ಇವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅತ್ತೆ ತಮ್ಮದೊಂದನ್ನು ಕೊಟ್ಟು ಮಗನನ್ನು ಉಳಿಸಿಕೊಂಡರು. ಬೇರೆಯವರ ಅಂಗವನ್ನು ಮೈ ಒಪ್ಪಿಕೊಳ್ಳಬೇಕಾದರೆ ಮೈಯ ಕಾವಲನ್ನೇ ಮಂಕು ಮಾಡುವ ಗುಳಿಗೆಗಳನ್ನು ಜೀವಮಾನವಿಡೀ ನುಂಗಬೇಕು. “ಇವರಿಗೆ ಸಾದಾ ನೆಗಡೀನೂ ಹತ್ತಬಾರದು” ಎಂದು ಡಾಕ್ಟರು ಆಗಲೇ ಹೇಳಿದ್ದರು. ಇನ್ನು ಈ ಕಾಯಿಲೆ ಹತ್ತಿದರೆ ಏನಾಗುತ್ತದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಊರೆಲ್ಲ ಅಯ್ಯೋ ಅಂದಿತು. ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಉಸಿರು ಬಿಟ್ಟೆ.

ಅತ್ತೆಯ ನಾಲಿಗೆಗೆ ಮಾತ್ರ ಯಾವ ಬಂದೂ ಇರಲಿಲ್ಲ. ಗುಳಿಗೆ ತರಲು ಜಗತ್ ಸರ್ಕಲ್ಲಿನ ಔಷಧಿ ಅಂಗಡಿಗೆ ನಾನು ಹೊರಟಾಗಲೆಲ್ಲ ಬಾಗಿಲವರೆಗೂ ಬಂದು ಹೇಳುತ್ತಿದ್ದರು: “ನೋಡ್ಕೊಂಡು ಅಡ್ಡಾಡವಾ. ನಂದೊಂದು ಕೊಟ್ಟಾಗ್ಯದ. ಇನ್ನೊಂದು ನನಗ ಬೇಕು.”

“ಆಯಿ, ಇನ್ನೊಂದು ಕೇಳೋದಿಲ್ಲ ಬಿಡು” ಎಂದು ಇವರು ಒಳಗಿನಿಂದ ಕೂಗುತ್ತಿದ್ದರು. ನಮ್ಮ ಮನೆಯಲ್ಲಿ ಕನ್ನಡ ಮರಾಠಿ ಎರಡೂ ಓಡಾಡುತ್ತವೆ. ತಾಯಿಗೆ ಆಯಿ ಅನ್ನುತ್ತಾರೆ. ಅತ್ತೆಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ಅವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂಬುದರ ಮೇಲೆ ಗೊತ್ತಾಗುತ್ತದೆ.

ಪಡಸಾಲೆಯ ಬಾಗಿಲಿಗೆ ಹಲಗೆ ತೂಗುಹಾಕಿ, ಉಪ್ಪಿನಕಾಯಿ ಭರಣಿಗೆ ಫೋನು ಕಟ್ಟಿ, ಹತ್ತನೆಯವರಿಗೆ ಪಾಠ ಸುರು ಮಾಡಿದೆ. ಕಮಲಾಪುರದ ಸುತ್ತಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಒಬ್ಬರು ಚಾವಣಿ ಹತ್ತುತ್ತಿದ್ದರು, ಒಬ್ಬರು ರಸ್ತೆಯ ಮೋರಿಯ ಮೇಲೆ ಕೂರುತ್ತಿದ್ದರು. ಆಗ ಒಬ್ಬ ಪಾಲಕರು ದಾರಿ ತೋರಿಸಿದರು. ಊರಾಚೆ ಏರಿನಲ್ಲಿ ಅವರದು ಕೆಂಪು ಬಾಳೆಯ ತೋಟ. ತೋಟಕ್ಕೆ ನೀರು ಬೇಕೆಂದು ದೊಡ್ಡ ಕೃಷಿ ಹೊಂಡ ತೋಡಿಸಿದ್ದರು. ತೋಡಿದ ಮಣ್ಣು ಸುತ್ತ ಏರಿಯಾಗಿ ನಿಂತು, ಆ ದಂಡೆಯೇ ಸುತ್ತಲಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವಾಗಿತ್ತು. ಅಲ್ಲಿ ನಿಂತರೆ ಫೋನಿನಲ್ಲಿ ಅಷ್ಟೂ ಗೆರೆ ತುಂಬಿ ಬರುತ್ತಿದ್ದವು. ಅವರು ಬೇವಿನ ಗಿಡದಿಂದ ಒಂದು ತಾಡಪಾಲು ಎಳೆದು ಕಟ್ಟಿ ನೆರಳು ಮಾಡಿದರು. ತಮ್ಮ ಮಗಳನ್ನೂ ಅವಳ ಗೆಳತಿಯರು ಮೂವರನ್ನೂ ಅಲ್ಲಿ ಕೂರಿಸಿದರು. ನಾಲ್ವರಿಗೆ ಒಂದೇ ಫೋನು. ತೋಟದ ಬೇಲಿಯ ಕಲ್ಲುಕಂಬಕ್ಕೆ ಅದನ್ನು ಕಟ್ಟುತ್ತಿದ್ದರು, ಹುಡುಗಿಯರು ಅದಕ್ಕೆ ಎದುರಾಗಿ, ಹೊಂಡಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು.

ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಬಯಲು, ಗಾಳಿ, ಬೆಳಕು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದಂತೆ ಬೇಕಾದಷ್ಟು ದೂರ. ಮುಖ್ಯೋಪಾಧ್ಯಾಯರು ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಆ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಹುಡುಗಿಯರ ಹಿಂದೆ, ನೀರು ಇಂಗದಂತೆ ಹೊಂಡಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಫಳಫಳ ಹೊಳೆಯುತ್ತಿದೆ. ಆ ವರ್ಷದ ಮಳೆಗೆ ನೀರು ಕಂಠಮಟ ಬಂದಿದೆ. ಆಗ ಆ ಹೊಳಪು ನಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಚಳಿಗಾಲಕ್ಕೆ ಬರುವಷ್ಟರಲ್ಲಿ ಬೇರೆ ಮಾತು ಸುರುವಾಯಿತು. ಪಾಲಕರು ಒಪ್ಪಿದರೆ ಹತ್ತನೆಯ ತರಗತಿಯನ್ನು ಶಾಲೆಯಲ್ಲೇ ನಡೆಸಬಹುದು ಎಂದಾಯಿತು. ಮುಖ್ಯೋಪಾಧ್ಯಾಯರು ಒಂದು ಭಾನುವಾರ ಶಾಲೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಸಭೆ ಕರೆದರು. ಕುರ್ಚಿಗಳನ್ನು ದೂರದೂರ ಹಾಕಿಸಿದ್ದರು. ಆದರೆ ವಾದ ಕಾವೇರಿದ ಹಾಗೆ ಜನ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಿದ್ದರು. ಮುಖ್ಯೋಪಾಧ್ಯಾಯರು ಮತ್ತೆ ಮತ್ತೆ “ಸರೀರಿ, ಹಿಂದ ಸರೀರಿ” ಎಂದು ಕೈ ಬೀಸುತ್ತಿದ್ದರು.

“ತೆರೀಬೇಕ್ರಿ” ಎಂದು ಅವರೇ ಮೊದಲು ಹೇಳಿದರು. “ಹುಡುಗೂರು ಕೈ ಬಿಟ್ಟು ಹೊಂಟಾವ. ಅರ್ಧ ಹುಡುಗೂರು ತೊಗರಿ ಹೊಲದಾಗ, ಅರ್ಧ ಹುಡುಗೂರು ಫೋನಿನ ಆಟದಾಗ. ಹುಡುಗ್ಯಾರ ಮದ್ವಿ ಮಾತು ನಡದಾವ. ಹತ್ತನೆತ್ತೆ ಮುಗಿಸಲಿಲ್ಲಂದ್ರ ಆ ಹುಡುಗಿ ತಿರುಗಿ ಶಾಲಿಗಿ ಬರ್ತಾಳೇನ್ರಿ?”

ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಊರಿನಲ್ಲಿ ಬ್ಲೌಸು ಹೊಲಿಯುವವರು. ಹೊಂಡದ ದಂಡೆಯ ನಾಲ್ವರಲ್ಲಿ ಒಬ್ಬಳ ತಾಯಿ. ಹೊಲಿದುಳಿದ ತುಂಡುಗಳಿಂದ ಮಾಸ್ಕ್ ಮಾಡಿ ಶಾಲೆಯ ಮಕ್ಕಳಿಗೆಲ್ಲ ಹಂಚಿದ್ದರು. ಅವರು ಹಾಕಿದ್ದ ಮಾಸ್ಕೂ ಸೀರೆಯ ಅಂಚಿನದೇ, ಜರಿ ಇತ್ತು.

“ಸರ್, ನಮ್ಮ ದೇವರ್ ಹೋದಾಗ ಮುಖ ನೋಡಾಕ ಬಿಡಲಿಲ್ಲರಿ. ಪ್ಲಾಸ್ಟಿಕ್‌ನಾಗ ಸುತ್ತಿ ಕೊಟ್ರು. ಗಂಡನ ತಮ್ಮ, ನನ್ನ ಕೈಯಾಗ ಬೆಳದಾಂವ. ಪರೀಕ್ಷಾ ಇವತ್ತಿಲ್ಲ ನಾಳಿ ಆಗ್ತದ. ಜಾನ್ ಹೋದ್ರ ಬರ್ತದೇನ್ರಿ? ನನ್ನ ಮಗಳು ಹೊಂಡದ ದಂಡಿ ಮ್ಯಾಲ ಆರಾಮ ಕೂತು ಕಲ್ಯಾಕತ್ತಾಳ. ಅಲ್ಲೇ ಇರ್ಲಿ.”

“ಮತ್ತ! ಶಾಲಿ ಯಾಕ ಬೇಕ್ರಿ, ನನ್ನ ಹೊಂಡ ಅದ” ಎಂದರು ತೋಟದ ಮಾಲಕರು. “ಬೇಕಾದ್ರ ಎಂಟನೆತ್ತೆ ಒಂಬತ್ತನೆತ್ತೆನೂ ಕಳಸ್ರಿ. ಫೀಸು ತಗೋಳಂಗಿಲ್ಲ.”

ನಗು ಎದ್ದಿತು. ಮುಖ್ಯೋಪಾಧ್ಯಾಯರು, “ಹಂಗಾದ್ರ ನನ್ನ ಕುರ್ಚಿನೂ ಅಲ್ಲೇ ಹಾಕ್ರಿ, ಬಾಳಿಹಣ್ಣರ ಸಿಗ್ತಾವ” ಅಂದರು.

ನಾನು ಎದ್ದು ಮುಚ್ಚಿಯೇ ಇರಲಿ ಅಂದೆ. ಕಾರಣಗಳನ್ನು ಚೆನ್ನಾಗಿ ಜೋಡಿಸಿಕೊಂಡು ಹೋಗಿದ್ದೆ: ಕೋಣೆಗಳು ಸಣ್ಣವು, ಕಿಟಕಿಗಳು ಕಡಿಮೆ, ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರ ಜೊತೆ ಇರುವವರು. ಎಲ್ಲವೂ ನಿಜವೇ. ಆದರೆ ಮಾತಾಡುವಾಗ ನನ್ನ ಕಣ್ಣ ಮುಂದಿದ್ದದ್ದು ಒಬ್ಬರೇ, ಅವರು ಆ ಹೊತ್ತಿಗೆ ಐವಾನ್-ಎ-ಶಾಹಿಯ ಮನೆಯಲ್ಲಿ ಗುಳಿಗೆ ನುಂಗಿ ಕಿಟಕಿಯ ಬಳಿ ಪೇಪರು ಓದುತ್ತಿದ್ದರು.

“ಮೇಡಂಗೇನ್ರಿ, ಮನ್ಯಾಗ ಕೂತ್ರೂ ಪಗಾರ ಬರ್ತದ” ಎಂದು ಹಿಂದಿನಿಂದ ಯಾರೋ ಅಂದರು. ನಾನು ಕೇಳಿಸದವಳಂತೆ ಕೂತೆ. ಅಂದು ಏನೂ ತೀರ್ಮಾನವಾಗಲಿಲ್ಲ. ಮುಂದಿನ ಭಾನುವಾರ ಮತ್ತೆ ಸೇರೋಣ, ಅಂದೇ ಕೈ ಎತ್ತಿಸಿ ಮುಗಿಸೋಣ ಎಂದು ಎದ್ದೆವು.

ಆ ಎರಡು ಭಾನುವಾರಗಳ ನಡುವೆ ಅದು ನಡೆಯಿತು.

ಬೆಳಗಿನ ತರಗತಿ. ವೃತ್ತಗಳು ಎಂಬ ಪಾಠ. ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿ ಹೋಗುವ ಸ್ಪರ್ಶಕದ ಬಗ್ಗೆ ಹೇಳುತ್ತಿದ್ದೆ. ಉಳಿದ ಮಕ್ಕಳು ಕ್ಯಾಮೆರಾ ಆರಿಸಿಕೊಂಡಿದ್ದರು. ದಂಡೆಯ ಹುಡುಗಿಯರು ಮಾತ್ರ ಯಾವಾಗಲೂ ಮುಖ ತೋರಿಸುತ್ತಿದ್ದರು, ನೆಟ್‌ವರ್ಕಿನ ಜಂಬ. ಅಂದು ಗಾಳಿ ಜೋರಾಗಿತ್ತು, ಅವರ ತಾಡಪಾಲು ಪಟಪಟ ಬಡಿಯುತ್ತಿತ್ತು. ಗಾಳಿ ಇದ್ದ ದಿನ ಅವರಿಗೆ ನನ್ನ ದನಿ ಕೇಳುತ್ತಿರಲಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಬಿದ್ದಿತ್ತು: ಕೇಳಿಸದಿದ್ದರೆ ಸುಮ್ಮನೆ ಹಲಗೆ ನೋಡಿ ಬರೆದುಕೊಳ್ಳುವುದು, ಆಮೇಲೆ ಸಂಜೆ ಫೋನು ಮಾಡಿ ಕೇಳುವುದು.

ನಾನು ವೃತ್ತ ಎಳೆದು ತಿರುಗಿದಾಗ ನಾಲ್ವರಲ್ಲಿ ಒಬ್ಬಳು ಇರಲಿಲ್ಲ. ಬ್ಲೌಸು ಹೊಲಿಯುವವರ ಮಗಳು. ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡೆ. ಆಮೇಲೆ ಪರದೆಯ ಮೇಲಿನ ಮೂಲೆಯಲ್ಲಿ, ಮೂವರು ಹುಡುಗಿಯರ ತಲೆಗಳ ಆಚೆ, ಅವಳು ಕಂಡಳು. ಹೊಂಡದ ಮೂಲೆಯ ಇಳಿಜಾರಿನಲ್ಲಿ ಕೂತಿದ್ದಳು. ಮಕ್ಕಳು ಜಾರುಬಂಡೆಯ ಮೇಲೆ ಕೂರುವ ಹಾಗೆ. ಒಂದು ಕೈಯಲ್ಲಿ ಎಂಥದೋ ಬಣ್ಣದ ತುಂಡು. ಅದು ಅವಳ ಮಾಸ್ಕ್ ಎಂದು ನನಗೆ ಆಮೇಲೆ ತಿಳಿಯಿತು. ಗಾಳಿಗೆ ಹಾರಿ ಹಾಳೆಯ ಮೇಲೆ ಬಿದ್ದಿತ್ತು, ತಾಯಿ ಹೊಲಿದದ್ದು, ಕಳೆದರೆ ಬೈಗುಳ. ತೆಗೆದುಕೊಳ್ಳಲು ಎರಡು ಹೆಜ್ಜೆ ಇಳಿದಿದ್ದಳು.

ಪಾಚಿಗಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲುವುದಿಲ್ಲ. ಅವಳು ಬೀಳಲಿಲ್ಲ, ಜಾರಿದಳು, ನಿಧಾನ. ಅಂಗೈ ಊರಿ ಮೇಲೆ ಬರಲು ನೋಡಿದಳು, ಇನ್ನಷ್ಟು ಕೆಳಗೆ ಸರಿದಳು. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ಅವಳು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಆಮೇಲೆ ಕೇಳಿದಾಗ ಅವಳು ಕೊಟ್ಟ ಉತ್ತರ, “ಕ್ಲಾಸ್ ನಡದಿತ್ತಲ್ರಿ ಮೇಡಂ.”

ನಾನು ಕೂಗಿದೆ. “ಹಿಂದ ನೋಡ್ರಿ! ಹಿಂದ!” ಮೂವರೂ ನನ್ನ ಮುಖವನ್ನೇ ನೋಡಿ ನಕ್ಕರು. ತೋಟದ ಮಾಲಕರ ಮಗಳು ಕಿವಿಗೆ ಕೈ ಇಟ್ಟು, “ಕೇಳಸವಲ್ದರಿ ಮೇಡಂ, ಗಾಳಿ ಭಾಳ ಅದ” ಅಂದಳು. ನಾನು ಕೈ ಚಾಚಿ ತೋರಿಸಿದೆ. ನನ್ನ ಹಿಂದೆ ಹಲಗೆ ಇತ್ತಲ್ಲ, ವೃತ್ತ ತೋರಿಸುತ್ತಿದ್ದಾರೆ ಅಂದುಕೊಂಡು ಅವರು ಸ್ಕೇಲು ಕೈವಾರ ಹುಡುಕತೊಡಗಿದರು. ಮೂವರ ಬೆನ್ನ ಹಿಂದೆ ಅವಳ ಕುತ್ತಿಗೆಯವರೆಗೂ ನೀರು. ನಾನು ಕಲಬುರಗಿಯ ಪಡಸಾಲೆಯಲ್ಲಿ. ಉಳಿದ ಮಕ್ಕಳ ಪರದೆಯ ತುಂಬ ನನ್ನ ಹಲಗೆಯೊಂದೇ. ಅವಳನ್ನು ನೋಡಬಲ್ಲವಳು ಜಗತ್ತಿನಲ್ಲಿ ನಾನೊಬ್ಬಳೇ.

ನಾನು ಹಲಗೆಗೆ ತಿರುಗಿ, ವೃತ್ತದ ಮೇಲೆಯೇ, ಕೈಗೆ ಬಂದಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ: ಹಿಂದೆ ನೋಡಿರಿ, ಹೊಂಡದಲ್ಲಿ ಬಿದ್ದಿದ್ದಾಳೆ.

ಸರಿದು ನಿಂತು ಪರದೆ ನೋಡಿದೆ. ಮೂವರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ, ಒಲೆಯ ಮುಂದೆ, ತರಗತಿಯ ನಡುವೆ. ಮೂರು ಬೈತಲೆಗಳು, ಅಚ್ಚುಕಟ್ಟಾಗಿ ಹೆಣೆದ ಜಡೆಗಳು, ಓಡುವ ಪೆನ್ನುಗಳು. ವಿಧೇಯ ಮಕ್ಕಳು. ಹಲಗೆಯ ಮೇಲೆ ಏನಿದ್ದರೂ ಮೊದಲು ಬರೆದುಕೊಳ್ಳಬೇಕು, ಅರ್ಥ ಆಮೇಲೆ ಎಂದು ನಾವೇ ಎಷ್ಟೋ ವರ್ಷ ಕಲಿಸಿದ ಮಕ್ಕಳು. ಅವರ ಹಿಂದಿನ ಮೂಲೆಯಲ್ಲಿ ಒಂದು ಕೈ, ಕೈಯಲ್ಲಿ ಆ ಬಣ್ಣದ ತುಂಡು. ಮುಖ ಕಾಣುತ್ತಿರಲಿಲ್ಲ.

ಬರೆಯುವಾಗ ತುಟಿ ಆಡಿಸುತ್ತ ಓದಿಕೊಳ್ಳುವ ಅಭ್ಯಾಸ ಮಾಲಕರ ಮಗಳಿಗೆ ಇತ್ತು. ಎಷ್ಟೋ ಸಲ ಅದಕ್ಕೆ ಬೈದಿದ್ದೆ. ಅವಳ ತುಟಿ ಆಡುತ್ತ ಆಡುತ್ತ ನಿಂತಿತು. ತಲೆ ಎತ್ತಿ ಹಲಗೆ ನೋಡಿದಳು, ನನ್ನನ್ನು ನೋಡಿದಳು, ಹಿಂದಕ್ಕೆ ತಿರುಗಿದಳು. ಆಮೇಲೆ ಯಾರದೋ ಕೈ ಫೋನಿಗೆ ಬಡಿಯಿತು. ಪರದೆಯ ತುಂಬ ಆಕಾಶ, ತಾಡಪಾಲಿನ ಒಂದು ಅಂಚು. ಚೀರಾಟ, ಧಡಧಡ ಕಾಲ ಸಪ್ಪಳ, ನೀರಿನ ಸದ್ದು. ಆಮೇಲೆ ಏನೂ ಇಲ್ಲ. ಕರೆ ತುಂಡಾಗಿತ್ತು.

ಇವರು ಒಳಕೋಣೆಯಿಂದ ಬಂದು ನಿಂತಿದ್ದರು. ನಾನು ಮಾಲಕರ ನಂಬರಿಗೆ ಹಚ್ಚಿದೆ, ಎತ್ತಲಿಲ್ಲ. ಮುಖ್ಯೋಪಾಧ್ಯಾಯರಿಗೆ ಹಚ್ಚಿದೆ, ಬಿಜಿ ಬಂತು. ಮತ್ತೆ ಮಾಲಕರಿಗೆ. ಇವರು ನನ್ನ ಕೈಯಿಂದ ಸುಣ್ಣದ ಕಡ್ಡಿ ಬಿಡಿಸಿಕೊಂಡರು. ಅದನ್ನು ಅಷ್ಟು ಹೊತ್ತೂ ಹಿಡಿದೇ ಇದ್ದೆ. “ಕೂಡು” ಅಂದರು. ಕೂರಲಾಗಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಪಡಸಾಲೆಗೆ ನಡೆದೆ. ಅತ್ತೆ ದೇವರ ಮುಂದೆ ಕೂತವರು ಎದ್ದು ಬಂದು, ಏನೂ ಕೇಳದೆ ಹಲಗೆಯ ಮೇಲಿದ್ದುದನ್ನು ಓದಿದರು. ಓದಿ ಮತ್ತೆ ದೇವರ ಮನೆಗೆ ಹೋದರು.

ಕೊನೆಗೆ ಮುಖ್ಯೋಪಾಧ್ಯಾಯರೇ ಫೋನು ಮಾಡಿದರು. “ಉಳದಾಳ್ರಿ ಮೇಡಂ. ಉಳದಾಳ.” ಬಾಳೆಯ ಕಂದು ಕೀಳುತ್ತಿದ್ದ ಮಾಲಕರು ಚೀರಾಟ ಕೇಳಿ ಓಡಿ ಬಂದು ಮೋಟರಿನ ಪೈಪು ಎಸೆದರಂತೆ, ಹಾಳೆಯ ಮೇಲೆ ಅವರೂ ಜಾರಬಾರದೆಂದು ಮಗಳೂ ಉಳಿದವರೂ ಅವರ ಧೋತರ ಹಿಡಿದು ಎಳೆದರಂತೆ. ನೀರು ಕುಡಿದಿದ್ದಳು, ಆಸ್ಪತ್ರೆಗೆ ಒಯ್ದಿದ್ದರು, ಕಣ್ಣು ಬಿಟ್ಟು ಮಾತಾಡಿದ್ದಳು. ಮೊದಲ ಮಾತು, ಕೈಯಲ್ಲಿದ್ದ ಮಾಸ್ಕ್ ನೀರಿಗೆ ಹೋಯಿತು ಎಂಬುದಂತೆ. ನಾನು ನೆಲದ ಮೇಲೆ ಕೂತೆ. ಇವರು ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಗ ನನಗೆ ಅಳು ಬಂತು, ಯಾಕೆಂದರೆ ಆ ಕೈ ಬೆಚ್ಚಗಿತ್ತು, ಆ ಜೀವವನ್ನು ಕಾಯುವುದೂ ನನ್ನ ಲೆಕ್ಕದಲ್ಲೇ ಇತ್ತು.

ಮುಂದಿನ ಭಾನುವಾರ ಸಭೆಗೆ ಬಸ್ಸಿನಲ್ಲಿ ಹೋಗುವಾಗ ಒಂದೇ ನಿರ್ಧಾರ ಮಾಡಿಕೊಂಡಿದ್ದೆ: ಬಾಯಿ ಬಿಡುವುದಿಲ್ಲ. ತೆರೆಯಿರಿ ಅಂದರೆ ಈ ಬಸ್ಸು ದಿನಾಲೂ, ಈ ಕಂಬಿ ದಿನಾಲೂ, ಮುಂದಿನ ಸೀಟಿನವರ ಕೆಮ್ಮು ದಿನಾಲೂ, ಸಂಜೆ ಅದೆಲ್ಲವನ್ನೂ ಹೊತ್ತು ಇವರ ಹತ್ತಿರಕ್ಕೆ. ಮುಚ್ಚಿರಲಿ ಅಂದರೆ ಆ ಮೂರು ಬೈತಲೆ. ಕೈ ಎತ್ತುವವರು ಎತ್ತಲಿ, ನಾನು ಮೂಲೆಯಲ್ಲಿ ಕೂತು ಬರುತ್ತೇನೆ. ಕಿಟಕಿಯ ಹೊರಗೆ ತೊಗರಿ ಹೂ ಕಳೆದು ಕಾಯಿಗಟ್ಟಿತ್ತು. ನಾನು ಕಿಟಕಿ ಪೂರ್ತಿ ತೆಗೆದು ಕೂತಿದ್ದೆ, ಹಿಂದಿನವರು “ಥಂಡಿ ಬರ್ತದ್ರಿ ಬಾಯಾರ, ಜರಾ ಹಾಕ್ರಿ” ಅನ್ನುತ್ತಲೇ ಇದ್ದರು. ನಾನು ಹಾಕಲಿಲ್ಲ.

ಅಂದು ಯಾರೂ ನಗಲಿಲ್ಲ. ತೋಟದ ಮಾಲಕರು ತಲೆ ಎತ್ತದೆ ಕೂತಿದ್ದರು. ಸಭೆ ಸುರುವಾಗುವ ಮೊದಲೇ ಎದ್ದು, “ಹೊಂಡದ ಸುತ್ತ ಮುಳ್ಳುಬೇಲಿ ಹಾಕೀನ್ರಿ. ಇನ್ನ ಅಲ್ಲಿ ಯಾರ ಮಕ್ಕಳನ್ನೂ ಕೂಡಸಂಗಿಲ್ಲ” ಎಂದಷ್ಟೇ ಹೇಳಿ ಕೂತುಬಿಟ್ಟರು. ಮುಖ್ಯೋಪಾಧ್ಯಾಯರು ಶಾಲೆ ತೆರೆಯುವ ಮಾತನ್ನು ಎತ್ತಿದರು, ಆದರೆ ಅವರ ದನಿಯಲ್ಲಿ ಹಿಂದಿನ ಸಲದ ಜೋರು ಇರಲಿಲ್ಲ. ಒಬ್ಬರು ಅಂದರು: “ಒಂದು ಹುಡುಗಿ ಜಾರಿದ್ಲಂತ ಎಲ್ಲಾ ಹುಡುಗೂರನ್ನ ಜಡ್ಡಿನ ಬಾಯಾಗ ಹಾಕೋದೇನ್ರಿ? ದಂಡಿ ಬ್ಯಾಡಂದ್ರ ಮಾಳಗಿ ಮ್ಯಾಲ ಕೂಡಸ್ರಿ.” ಇನ್ನೊಬ್ಬರು ಅಂದರು: “ಮಾಳಗಿಯಿಂದ ಬಿದ್ರ?” “ಹಂಗಂದ್ರ ಮಂಚದ ಮ್ಯಾಲಿಂದನೂ ಬೀಳ್ತಾವ.” ಮಾತು ಹಾಗೇ ಸುತ್ತತೊಡಗಿತು. ಕುರ್ಚಿಗಳು ಮತ್ತೆ ಹತ್ತಿರ ಸರಿಯುತ್ತಿದ್ದವು.

ಆಗ ಬ್ಲೌಸು ಹೊಲಿಯುವವರು ಎದ್ದರು. ಅವರು ಸಭೆಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

“ಮೇಡಂ, ಹ್ವಾದ ವಾರ ನಾನೂ ನೀವೂ ಒಂದೇ ಮಾತು ಹೇಳಿದ್ವಿ. ಈಗ ನನಗ ಏನೂ ತಿಳೀವಲ್ದು. ಇತ್ಲಾಗ ನೋಡಿದ್ರ ದೇವರ್ ಕಾಣ್ತಾನ, ಅತ್ಲಾಗ ನೋಡಿದ್ರ ಮಗಳು ಕಾಣ್ತಾಳ. ಆದ್ರ ಅಕೀನ್ನ ನೀರಾಗ ನಾ ಕಂಡಿಲ್ಲ. ನೀವು ಕಂಡೀರಿ. ನೀವ ಹೇಳ್ರಿ, ಏನ್ ಮಾಡ್ಲಿ?”

ಎದ್ದೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ವಾದ ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಕಂಡದ್ದನ್ನು ಹೇಳಿದೆ. ಹೇಗೆ ಅವಳು ಕೂತೇ ಜಾರಿದಳು, ಹೇಗೆ ಕೂಗಲಿಲ್ಲ, ನಾನು ಕೂಗಿದ್ದು ಹೇಗೆ ಮುಟ್ಟಲಿಲ್ಲ, ಬರೆದದ್ದನ್ನು ಮಕ್ಕಳು ಹೇಗೆ ಬರೆದುಕೊಂಡರು. ತಾಯಿಯ ಎದುರು ಇದನ್ನೆಲ್ಲ ಹೇಳಬಾರದಿತ್ತೋ ಏನೋ. ಅವರೇ ಕೇಳಿದ್ದರು, ಕಣ್ಣು ಮಿಟುಕಿಸದೆ ನಿಂತೇ ಕೇಳಿದರು. ಕೊನೆಗೆ ನನ್ನ ಬಾಯಿಂದ ಬಂತು: “ನನಗ ಆ ಜಡ್ಡಿನ ಅಂಜಿಕಿ ಹೋಗಿಲ್ರಿ. ನಿಮ್ಮೆಲ್ಲಾರಕಿಂತ ಜಾಸ್ತಿ ಅದ. ಆದ್ರ ಮಕ್ಕಳು ನನ್ನ ಕೈಗಿ ಸಿಗೋವಷ್ಟು ಹತ್ತಿರ ಇರ್ಬೇಕು. ಕಿಡಕಿ ಬಾಗಿಲಾ ಎಲ್ಲಾ ತೆರದು, ಆಗಲಿಲ್ಲಂದ್ರ ಇದೇ ಗಿಡದ ಬುಡಕ ಕೂಡಿಸಿ ಕಲಸ್ರಿ. ಶಾಲಿ ತೆರೀರಿ.”

ಮುಖ್ಯೋಪಾಧ್ಯಾಯರಿಗೆ ನಮ್ಮ ಮನೆಯ ಸ್ಥಿತಿ ಗೊತ್ತಿತ್ತು. ಬಗ್ಗಿ ಮೆಲ್ಲಗೆ ಕೇಳಿದರು. “ಮೇಡಂ, ವಿಚಾರ ಮಾಡೀರೇನ್ರಿ? ಬೇಕಾದ್ರ ನೀವೊಬ್ರು ಮನಿಯಿಂದ ಫೋನಿನಾಗ ತಗೋರಿ. ಯಾರೂ ಏನೂ ಅನ್ನಂಗಿಲ್ಲ.”

“ಇನ್ನ ಆ ಫೋನಿನಾಗ ಮಕ್ಕಳನ್ನ ನೋಡೋದು ನನ್ನಿಂದ ಆಗಂಗಿಲ್ಲ ಸರ್.”

ಕೈಗಳು ಎದ್ದವು. ಎಲ್ಲ ಅಲ್ಲ. ಬ್ಲೌಸು ಹೊಲಿಯುವವರದು ಎಲ್ಲರಿಗಿಂತ ತಡವಾಗಿ ಎದ್ದಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಹೇಳಿ ಬಂದ್ಯಾ?”

“ಹೇಳಿ ಬಂದೆ.”

“ಏನಂತ?”

“ತೆರೀರಿ ಅಂತ.”

ಅವರು ಮರಾಠಿಗೆ ತಿರುಗಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೊಟ್ಟೆಯ ಪಕ್ಕದ ಹೊಲಿಗೆಯ ಗುರುತನ್ನು ಸೀರೆಯ ಮೇಲಿನಿಂದಲೇ ಒತ್ತಿ ತೋರಿಸಿದರು. ನಾನು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದೆ. ಇವರು ಕಿಟಕಿಯ ಬಳಿಯಿಂದ, ಪೇಪರು ಕೆಳಗಿಡದೆ ಅಂದರು: “ಆಯಿ, ನಾ ಆ ದಿನ ಅಕೀ ಮಾರಿ ನೋಡೀನಿ. ಈಗ ಅಕೀನ್ನ ಮನ್ಯಾಗ ಇಟ್ಕೊಂಡ್ರ ಅಕೀಗಿ ಹುಚ್ಚು ಹಿಡೀತದ. ಹುಚ್ಚು ಹಿಡದ ಹೆಂಡ್ತಿಕಿಂತ ಕರೋನಾ ಹಗರ.” ನಗಿಸಬೇಕೆಂದು ಅಂದರು. ಯಾರೂ ನಗಲಿಲ್ಲ.

ಅತ್ತೆ ಇಡೀ ಸಂಜೆ ದೇವರ ಮನೆಯಲ್ಲೇ ಕೂತರು. ಮರುದಿನ ಕನ್ನಡಕ್ಕೆ ಮರಳಿದರು, ಜೊತೆಗೆ ಒಂದು ವ್ಯವಸ್ಥೆಯೂ ಬಂತು. ನಮ್ಮ ಮನೆಯಲ್ಲಿ ಹಿಂದಿನಿಂದ ಮಡಿ ಇತ್ತು. ಹಬ್ಬ, ಶ್ರಾದ್ಧದ ದಿನ ಅವರನ್ನು ಯಾರೂ ಮುಟ್ಟಬಾರದು, ಅವರ ಸೀರೆ ಎತ್ತರದ ಗಳದ ಮೇಲೆ ಬೇರೆಯಾಗಿ ಒಣಗಬೇಕು, ಅದನ್ನು ಕೋಲಿನಿಂದಲೇ ಎತ್ತಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಅದರ ಮೇಲೆ ಜಗಳವಾಡಿದವಳು. ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿದ ಪದ್ಧತಿ ಅದು, ನನಗೆ ಅದರ ಮೇಲೆ ಈಗಲೂ ಪ್ರೀತಿಯಿಲ್ಲ. ಈಗ ಹೊರಗೆ ನಿಂತವಳು ನಾನು. ಶಾಲೆಯಿಂದ ಬಂದವಳು ಹಿತ್ತಿಲ ಬಾಗಿಲಿನಿಂದಲೇ ಬರಬೇಕು. ಅತ್ತೆ ಬಚ್ಚಲಿನ ಹೊರಗೆ ಬಕೆಟ್ ಇಟ್ಟು ಬಿಸಿನೀರು ಎತ್ತಿ ಹೊಯ್ಯುತ್ತಾರೆ, ನಾನು ದೂರ ನಿಲ್ಲಬೇಕು. ಉಟ್ಟ ಸೀರೆ ಸೋಪಿನ ನೀರಿಗೆ, ಒಗೆದ ಸೀರೆ ಕೋಲಿನಿಂದ ಕೈಗೆ. ಊಟ ಹಿತ್ತಿಲ ಕೋಣೆಯಲ್ಲಿ, ಮಲಗುವುದೂ ಅಲ್ಲೇ. ಗಂಡನ ಜೊತೆ ಮಾತು ಕಿಟಕಿಯ ಜಾಳಿಗೆಯ ಆಚೆ ಈಚೆ ನಿಂತು.

“ಮಡಿ ಅಂದ್ರ ಮೂಗು ಮುರೀತಿದ್ದಿ” ಅಂದರು ಅತ್ತೆ, ಕೋಲು ತೊಳೆದಿಡುತ್ತ. “ಈಗ ಮಾಡು.”

ಶಾಲೆ ತೆರೆದ ದಿನ ಮಕ್ಕಳು ಗುರುತು ಸಿಗದ ಹಾಗೆ ಬೆಳೆದಿದ್ದರು. ಮುಖ ಅರ್ಧ ಮುಚ್ಚಿದ್ದರಿಂದ ದನಿಯ ಮೇಲೆ ಹೆಸರು ಹಿಡಿಯಬೇಕಾಯಿತು. ಅವಳು ಬಂದಿದ್ದಳು. ಕಿಟಕಿಯ ಪಕ್ಕ ಕೂತಿದ್ದಳು, ಹೊಸ ಮಾಸ್ಕ್, ಅದಕ್ಕೆ ಈ ಸಲ ತಾಯಿ ಕೊರಳಿಗೆ ಹಾಕಿಕೊಳ್ಳುವ ಲಾಡಿ ಹೊಲಿದಿದ್ದರು. ನಾನು ನಿಲ್ಲಿಸಿದ ಪಾಠದಿಂದಲೇ ಸುರು ಮಾಡಿ ವೃತ್ತ ಎಳೆದೆ. ತಿರುಗಿದೆ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. “ತಲಿ ಎತ್ರಿ” ಎಂದು ನಾನು ಮೊದಲ ಸಲ ಹೇಳಿದ್ದು ಅಂದೇ. ಎಲ್ಲರಿಗಿಂತ ಮೊದಲು ತಲೆ ಎತ್ತಿದವಳು ಅವಳು. ನಾವಿಬ್ಬರೂ ಒಂದು ಕ್ಷಣ ನೋಡಿಕೊಂಡೆವು. ಆಮೇಲೆ ಅವಳೇ, “ಬರ್ಕೋಬೇಕೇನ್ರಿ ಮೇಡಂ?” ಅಂದಳು.

ಸಂಜೆ ಹಿತ್ತಿಲಿಗೆ ಬಂದೆ. ಅತ್ತೆ ಒಳಗಿನಿಂದ, “ಬಂದ್ಯಾ? ಅಲ್ಲೇ ನಿಲ್ಲು” ಎಂದು ತಂಬಿಗೆ ಎತ್ತಿ ಬಕೆಟ್ಟಿಗೆ ನೀರು ಹೊಯ್ದರು. ಆ ಸದ್ದಿಗೆ ನನ್ನ ಬೆನ್ನು ಸೆಟೆಯಿತು. ನೀರು ಹೊಯ್ದು ಅವರು ಒಲೆಯ ಕಡೆ ಹೋದರು. ಕಿಟಕಿಯ ಜಾಳಿಗೆಯ ಆಚೆ ಇವರು ಬಂದು ನಿಂತರು.

“ಆ ಹುಡುಗಿ ಬಂದಿದ್ಲಾ?”

“ಬಂದಿದ್ಲು. ಕಿಡಕಿ ಬಾಜೂ ಕೂತಿದ್ಲು.”

“ಮತ್ತ ನೀ?”

ನಾನು ಹೇಳಬೇಕೆನ್ನುವಷ್ಟರಲ್ಲಿ ಇವರು ಕೆಮ್ಮಿದರು. ಒಂದೇ ಸಲ, ಒಣ ಕೆಮ್ಮು. ಇವರೇ ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು, ತಪ್ಪು ಮಾಡಿ ಸಿಕ್ಕವರ ಹಾಗೆ ನನ್ನನ್ನು ನೋಡಿದರು. ಅಡುಗೆಮನೆಯಲ್ಲಿ ಬಾಣಲೆಯ ಸದ್ದು ನಿಂತಿತು.

“ಒಗ್ಗರಣಿ ಘಾಟ ಅದು” ಎಂದು ಅತ್ತೆ ಒಳಗಿನಿಂದ ಕೂಗಿದರು. “ಮೆಣಸಿನಕಾಯಿ ಜರಾ ಹೊತ್ತ್ಯಾವ.”

ಘಾಟು ನನಗೂ ಬಂದಿತ್ತು. ಮೂಗು ಉರಿಯುತ್ತಿತ್ತು. ಇವರು ತಲೆಯಾಡಿಸಿ ಒಳಗೆ ಹೋದರು. ನಾನು ಉಟ್ಟ ಸೀರೆಯಲ್ಲೇ, ಬಕೆಟ್ಟಿನ ಪಕ್ಕ, ಇನ್ನೊಂದು ಕೆಮ್ಮು ಬರುತ್ತದೋ ಎಂದು ಕಿವಿಗೊಟ್ಟು ನಿಂತೆ. ನೀರು ಆರುತ್ತಿತ್ತು. “ಎಷ್ಟೊತ್ತು ನಿಲ್ತೀ, ಮೈ ತೊಳಕೋ” ಎಂದು ಅತ್ತೆ ಎರಡು ಸಲ ಕೂಗಿದರು. ಬಂದೆ, ಬಂದೆ ಅನ್ನುತ್ತ ನಾನು ಅಲ್ಲೇ ನಿಂತಿದ್ದೆ.